ರೊಟ್ಟಿಯ ಸಪ್ಪಳ

ಬೀದರ, ಸೋಮವಾರ

ಸತ್ಯಮ್ಮ ಆಯಿಗೆ, ನಿಮ್ಮ ಕೆಳಗಿನ ಫ್ಲ್ಯಾಟಿನ ವರದಾಳ ಶರಣು.

ದಿನಾ ಮುಂಜಾನೆ ನಿಮ್ಮ ಮನೆಯಿಂದ ಧಪಧಪ ಸದ್ದು ಬರುತ್ತಿತ್ತು. ವಾಚ್‌ಮನ್‌ನನ್ನು ಕೇಳಿದರೆ, "ಆಯಿ ಬಡೀತಾರ್ರಿ" ಎಂದ. ಏನನ್ನು ಎಂದು ನಾನು ಕೇಳಲೇ ಇಲ್ಲ. ಸೊಸೆಯರ ಮೇಲಿನ ದೌರ್ಜನ್ಯದ ಬಗ್ಗೆ ಓದಿದ ಕರಪತ್ರಗಳೆಲ್ಲ ತಲೆಯಲ್ಲಿದ್ದವು. ನಿಮ್ಮ ಸೊಸೆಯನ್ನೇ ಬಡಿಯುತ್ತಿದ್ದೀರಿ ಎಂದುಕೊಂಡು ಪೊಲೀಸರಿಗೆ ಫೋನ್ ಮಾಡಿದೆ. ಈ ಹೊಸ ಬಡಾವಣೆಯಲ್ಲಿ ನಮ್ಮ ಮನೆಗೆ ರೊಟ್ಟಿ ಕೆಳಗಿನ ಅಂಗಡಿಯಿಂದ ಬರುತ್ತದೆ. ಆ ಸದ್ದಿನ ಗುರುತೇ ನನಗಿರಲಿಲ್ಲ.

ಪೊಲೀಸರ ಜೊತೆ ನಾನೂ ಮೇಲೆ ಬಂದೆ. ನೀವು ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದು, "ಇದನ್ನ ಬಡೀತಿದ್ದೆ ನೋಡವಾ" ಎಂದು ಅರ್ಧ ಬಡಿದ ರೊಟ್ಟಿ ತೋರಿಸಿದಿರಿ. ಪೊಲೀಸರು ನಕ್ಕರು. ನೀವು ನಗಲಿಲ್ಲ. "ನಮ್ಮ ಸಾಯಗಾಂವದಾಗ ರೊಟ್ಟಿ ಸಪ್ಪಳ ಕೇಳಲಿಲ್ಲಂದ್ರ ಮಂದಿ ಬಂದು ವಿಚಾರಸ್ತಾರ. ಇಲ್ಲಿ ಕೇಳಿದ್ರ ಪೊಲೀಸರನ್ನ ಕಳಸ್ತಾರ" ಎಂದಿರಿ. ಮರುದಿನವೇ ಊರಿಗೆ ಹೋದಿರಿ.

ಅನ್ಯಾಯ ಕಂಡರೆ ಸುಮ್ಮನಿರಬಾರದು ಎಂದು ಈಗಲೂ ನಂಬಿದ್ದೇನೆ. ಆದರೆ ಮೊದಲು ಮೆಟ್ಟಿಲು ಹತ್ತಿ ನಿಮ್ಮ ಬಾಗಿಲು ತಟ್ಟಬೇಕಿತ್ತು.

ಈಗ ಮೇಲೆ ಸದ್ದಿಲ್ಲ. ನಿಮ್ಮೂರಿನವರಂತೆ ನಿನ್ನೆ ಹೋಗಿ ವಿಚಾರಿಸಿದೆ. ನಿಮ್ಮ ಸೊಸೆ ಸಿದ್ದೇಶ್ವರಿ ಅಕ್ಕ ಬಾಗಿಲಲ್ಲೇ ನಿಂತು, "ಹಿಟ್ಟ ಅದ, ಬಡಿಯೋ ಕೈ ಊರಿಗಿ ಹೋಗ್ಯಾವ" ಎಂದರು. ಒಳಗೆ ಕರೆಯಲಿಲ್ಲ.

ಮುಂದಿನ ಭಾನುವಾರ ನಾನೇ ಸಾಯಗಾಂವಕ್ಕೆ ಬರುತ್ತೇನೆ. ಬೇಕಾದಷ್ಟು ಬೈಯಿರಿ. ನನ್ನ ಜೊತೆ ವಾಪಸು ಬರಲು ಬಟ್ಟೆಯ ಚೀಲ ಮಾತ್ರ ತುಂಬಿ ಇಟ್ಟುಕೊಳ್ಳಿ.

ಮುಂಜಾನೆ ಎದ್ದು ಮೇಲಕ್ಕೆ ಕಿವಿಗೊಡುವ,
ವರದಾ