ಏಳು ಕೋಣೆಯ ಪ್ಯಾರಾಚೂಟು

ಅಪ್ಪಾ,

ಇವತ್ತು ನಿನ್ನ ಹಳೇ ಪ್ಯಾರಾಚೂಟಿನಲ್ಲಿ ಹಾರಿದೆ. ನೀನು ಹೋದ ಮೇಲೆ ಅಟ್ಟದಿಂದ ಇಳಿಸಿದ ಚೀಲದಲ್ಲಿತ್ತು. ಹೆಸರಿನ ಪಟ್ಟಿ ಅಳಿಸಿಹೋಗಿತ್ತು. ಕ್ಲಬ್ಬಿನಲ್ಲಿ ಪ್ಯಾರಾಚೂಟು ಮಡಿಸುವ ಮಾಮ ಅದನ್ನು ಮೇಜಿನ ಮೇಲೆ ಹರಡಿ, ಗಾಳಿ ತುಂಬುವ ಕೋಣೆಗಳನ್ನು ಏಳರವರೆಗೆ ಎಣಿಸಿ, ಹೊಲಿಗೆ ಸವರಿ ನೋಡಿದರು.

“ಚೌಕಾಕಾರದ ಪ್ಯಾರಾಚೂಟು ಬಂದ ಹೊಸದರಲ್ಲಿ ಹೊಲಿದದ್ದು ಕಣಮ್ಮ. ವಯಸ್ಸಲ್ಲಿ ನಿನಗಿಂತ ದೊಡ್ಡದು. ಬಟ್ಟೆ ಗಟ್ಟಿಯಾಗಿದೆ, ಆದ್ರೆ ಬಿಚ್ಕೊಳ್ಳೋವಾಗ ಹಟ ಮಾಡುತ್ತೆ.”

ಹಟ ಮಾಡಿಯೇ ಮಾಡಿತು. ಅರ್ಧ ಅರಳಿ ನಿಂತುಬಿಟ್ಟಿತು. ನೆಲ ಗಿರಗಿರನೆ ಸುತ್ತುತ್ತ ಹತ್ತಿರವಾಗುತ್ತಿತ್ತು. ಇದನ್ನು ಕಳಚಿ, ಆಪತ್ತಿಗೆಂದು ಬೆನ್ನಿಗಿದ್ದ ಇನ್ನೊಂದನ್ನು ಬಿಚ್ಚೋಣವೆಂದು ಕೈ ಎದೆಗೆ ಹೋಯಿತು. ಅಷ್ಟರಲ್ಲಿ ನೀನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದದ್ದು ನೆನಪಾಯಿತು. ನಾನು ಮೊಬೈಲ್ ನೋಡುತ್ತಲೇ ಕೇಳಿಸಿಕೊಂಡದ್ದು. ತಲೆಯ ಮೇಲಿನ ಹಗ್ಗಗಳ ಎರಡೂ ಹಿಡಿಗಳನ್ನು ಸೊಂಟದವರೆಗೆ ಎಳೆದು ಬಿಟ್ಟೆ. ಏನೂ ಆಗಲಿಲ್ಲ. ಮತ್ತೆ ಎಳೆದೆ. ಪಟಾರನೆ ಏಳೂ ಕೋಣೆ ತುಂಬಿಕೊಂಡವು.

ಮಂಡಿಯೂರಿ ಇಳಿದೆ. ಮಾಮ ಏದುಸಿರು ಬಿಡುತ್ತ ಓಡಿಬಂದರು.

“ಜೀವ ಬಾಯಿಗೆ ಬಂದಿತ್ತಲ್ಲೇ! ಆ ಉಪಾಯ ಯಾರು ಹೇಳ್ಕೊಟ್ಟಿದ್ದು?”

“ಅಪ್ಪ.”

“ಪುಣ್ಯವಂತೆ ಬಿಡು. ಅವರ ಜೊತೆ ಎಷ್ಟು ಸಲ ಹಾರಿದ್ದೀಯ?”

ನಿನ್ನ ಜೊತೆ ಒಂದು ಸಲವೂ ಹಾರದ ನಾನು ತಲೆ ಎತ್ತದೆ ಹಗ್ಗಗಳ ಸಿಕ್ಕು ಬಿಡಿಸುತ್ತ ಕೂತೆ, ಅಪ್ಪಾ.