ನಿಮಗೇ ಬಿಟ್ಟೆ

ಮಿಹಾರಾ
ಅಕ್ಟೋಬರ್ ೧೪, ಸೋಮವಾರ

ಪ್ರೀತಿಯ ಮಗಳು ಚಿಗುಸಾಗೆ,

ನೀನು ಕಳಿಸಿದ ಆಲೂಗಡ್ಡೆ ಪೆಟ್ಟಿಗೆ ಬಂದು ಬಹಳ ದಿನವಾಯಿತು. ಅರ್ಧ ಪಕ್ಕದ ಮನೆಗೆ ಕೊಟ್ಟೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಅಮ್ಮ ಕೊನೆಯಲ್ಲಿ ಏನಾದರೂ ಅಂದಳಾ ಎಂದು ಮತ್ತೆ ಕೇಳಿದ್ದೀಯ. ಅದನ್ನು ಬರೆಯಲು ಕೂತಾಗಲೆಲ್ಲ ಚಹಾ ಕಾಯಿಸುವ ನೆಪದಲ್ಲಿ ಎದ್ದು ಹೋಗಿದ್ದೇನೆ. ಮೊದಲು ನಿನ್ನೆಯ ಸಂಗತಿ ಹೇಳುತ್ತೇನೆ.

ನಿನ್ನೆ ಊರಿನ ಜೋಡಿ ಟೆನಿಸ್ ಪಂದ್ಯಾಟ. ಅಮ್ಮ ಆಡುತ್ತಲೇ ಕುಸಿದ ಆ ಕೋರ್ಟಿಗೆ ನಾನು ಮತ್ತೆ ಇಳಿದದ್ದು ಇದೇ ಮೊದಲು. ನನಗೆ ಜೋಡಿ ಅಂಚೆ ಕಚೇರಿಯ ಕುವಾತಾ ಅನ್ನುವ ಹೆಂಗಸು. ಬಾಯಿ ಜೋರು, ಮನಸ್ಸು ಒಳ್ಳೆಯದು. ಶುರುವಿನಲ್ಲೇ ಎತ್ತರದ ಚೆಂಡೊಂದು ನಮ್ಮಿಬ್ಬರ ನಡುವೆ ಬಂತು. ನಾನು ಸರಿದು ನಿಂತೆ. ಅಮ್ಮನಾಗಿದ್ದರೆ ಕೇಳದೆ ನುಗ್ಗಿ ಹೊಡೆಯುತ್ತಿದ್ದಳು. ಚೆಂಡು ಪುಟಿಯುತ್ತ ಹೋಗಿ ಬೇಲಿ ಸೇರಿತು.

"ಇನುಕಾಯಿ ಅವರೇ, ಯಾರಿಗೆ ದಾರಿ ಬಿಟ್ರಿ?"

"ನಿಮಗೇ."

"ಸುಮ್ನೆ ಸರಿದು ನಿಂತ್ರೆ ನಂಗೇನು ಕನಸು ಬೀಳುತ್ತಾ? 'ನಿಮಗೇ ಬಿಟ್ಟೆ' ಅಂತ ಕೂಗಿ. ಎಲ್ಲರೂ ಹಂಗೇ ತಾನೇ ಕೂಗೋದು."

ಬಾಯಿ ತೆರೆದೆ. ಆ ಮಾತು ಹೊರಗೆ ಬರಲಿಲ್ಲ. ನಡುವೆ ಬಂದದ್ದೆಲ್ಲ ಹೋಯಿತು. ಸೋತೆವು.

ನಮ್ಮಲ್ಲಿ ಸೋತವರೇ ಮುಂದಿನ ಆಟಕ್ಕೆ ಅಂಪೈರು, ನಿನಗೆ ಗೊತ್ತಲ್ಲ. ಎತ್ತರದ ಕುರ್ಚಿ ಹತ್ತಿ ಕೂತೆ. ಕೆಳಗೆ ಮಿಠಾಯಿ ಅಂಗಡಿಯ ನಿಶಿವಾಕಿ ಗಂಡ ಹೆಂಡತಿ ಆಡುತ್ತಿದ್ದರು. ನಡುವೆ ಚೆಂಡು ಬಂತು. "ನಿಮಗೇ ಬಿಟ್ಟೆ" ಎಂದು ಆಕೆ ಕೂಗಿದರು. ಗಂಡ ಓಡಿ ಚೆನ್ನಾಗಿ ಹೊಡೆದರು. ಅಂಕ ಹೇಳಬೇಕಾದ ನಾನು, "ಚೆಂಡು ಬಿಡಯ್ಯಾ, ಹೆಂಡ್ತೀನ ನೋಡು, ಹೆಂಡ್ತೀನ ನೋಡು" ಎಂದು ಅರಚಿಬಿಟ್ಟೆ.

ಎಲ್ಲರೂ ನಿಂತರು. ಆಕೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. "ನಂಗೇನಾಗಿದೆ?" ಅಂದರು.

"ಮದುವೆ ಆದಾಗಿಂದ ಅವಳನ್ನೇ ನೋಡ್ತಿದೀನಿ ಮಾರಾಯ. ಇವತ್ತೊಂದಿನ ಚೆಂಡು ನೋಡೋಕೆ ಬಿಡು" ಎಂದರು ನಿಶಿವಾಕಿ. ಕೋರ್ಟಿನ ಸುತ್ತ ನಗು. ಕುವಾತಾ ನಗಲಿಲ್ಲ. ಕುರ್ಚಿಯ ಮೆಟ್ಟಿಲು ಹಿಡಿದುಕೊಂಡು, "ಇಳೀರಿ. ಮಿಕ್ಕಿದ್ದು ನಾನು ಹೇಳ್ತೀನಿ" ಅಂದರು.

ಸಂಜೆ ಕೋರ್ಟಿನ ಮಣ್ಣು ಸಮವಾಗಲು ಬ್ರಷ್ ಎಳೆಯುವ ಕೆಲಸ ನಾನೇ ಕೇಳಿ ತಗೊಂಡೆ. ಹಿಂದಿನ ಗೆರೆಯ ಹತ್ತಿರ ಒಂದಿಷ್ಟು ಜಾಗಕ್ಕೆ ಎಳೆಯಲಾಗಲಿಲ್ಲ. ಸುತ್ತು ಹಾಕಿಕೊಂಡು ಬಂದೆ. ವಸಂತದ ಪಂದ್ಯಕ್ಕೂ ನನ್ನ ಹೆಸರು ಕೊಡುತ್ತಾರಂತೆ ಕುವಾತಾ. ನೋಡೋಣ ಅಂದೆ.

ಅಲ್ಲಿ ಚಳಿ ಹಿಡಿದಿರಬೇಕು. ಕತ್ತು ಮುಚ್ಚಿಕೊಂಡು ಓಡಾಡು. ನೀನೂ ಮಗುವೂ ಚೆನ್ನಾಗಿರಿ.

ನಿನ್ನ,
ಅಪ್ಪ

ಮತ್ತೆ: ಅಮ್ಮ ಏನೂ ಅನ್ನಲಿಲ್ಲ ಎಂದು ನಿನಗೆ ಹೇಳಿದ್ದೆ. ಅಂದಳು. ಆಟದಲ್ಲಿ ಎಂದೂ ನನಗೆ ಒಂದು ಚೆಂಡೂ ಬಿಡದವಳು, ಆ ದಿನ "ನಿಮಗೇ ಬಿಟ್ಟೆ" ಅಂದಳು. ನಾನು ಚೆಂಡು ಅಂದುಕೊಂಡೆ. ಓಡಿ ಹೊಡೆದೆ, ಅಂಕವೂ ಬಂತು. ಹೊಗಳುತ್ತಾಳೆ ಎಂದು ನಗುತ್ತ ತಿರುಗಿದೆ.