ತೊಟ್ಟಿಲಿಗೆ ಹಾಕಿದ ಹಾರ್ಡ್ ಡಿಸ್ಕ್

ಗಣಿಯೂರು
ಫೆಬ್ರವರಿ ಮೂವತ್ತು, ೨೨೧೪

ನನ್ನ ಮುತ್ತಜ್ಜಿಯ ಮುತ್ತಜ್ಜಿ ವನಮಾಲಾ ಅವರಿಗೆ, ನೇಸರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನೀವಿನ್ನೂ ಯಾರ ಅಜ್ಜಿಯೂ ಆಗಿಲ್ಲ, ಮುಂದೆ ಜೋಡಿಸಲಿರುವ ಕಂಪ್ಯೂಟರಿನ ಭಾಗಗಳನ್ನು ಕೊಳ್ಳಲು ಅಂಗಡಿಗೂ ಹೋಗಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮಗು ಮಲಗುತ್ತಿಲ್ಲ, ನಾನೂ ಮಲಗಿಲ್ಲ.

ನಾವಿರುವುದು ಬಳ್ಳಾರಿಯ ಹಳೆಯ ಗಣಿಗುಂಡಿಯೊಳಗೆ. ಬಿಸಿಲು ತಡೆಯಲು ಮೇಲೆ ನೆರಳುಬಟ್ಟೆ ಎಳೆದಿದ್ದಾರೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು. ಹಾಡು, ಚಿತ್ರ, ಲೆಕ್ಕಪತ್ರ ಎಲ್ಲವನ್ನೂ ಹುಣಸೆಬೀಜದಷ್ಟು ದೊಡ್ಡ ನೆನಪುಹರಳಿನಲ್ಲಿ ಇಡುತ್ತೇವೆ. ಅದರೊಳಗೆ ಏನೂ ಅಲುಗುವುದಿಲ್ಲ. ಗೋಡೆಗೆ ಎಸೆದರೂ ಏನೂ ಆಗದು. ಮನೆಗೆ ಬಂದ ಯಂತ್ರ ಯಾವುದೇ ಇರಲಿ, ಅದು ಓಡತೊಡಗಿದ ಕೂಡಲೇ ತೊಟ್ಟಿಲಿಗೆ ಹಾಕಿ ತೂಗಿ, ಹೆಸರಿಟ್ಟು, ಆಮೇಲೆ ಕೆಲಸಕ್ಕೆ ಹಚ್ಚುವುದು ನಮ್ಮ ಪದ್ಧತಿ.

ನೀವು ಆಟವಾಡಲೆಂದು ಕೈಯಾರೆ ಜೋಡಿಸಿದ ಕಂಪ್ಯೂಟರ್ ನನ್ನ ಅವ್ವನವರೆಗೆ ಉಳಿದು ಬಂತು. ಅವ್ವ ಅದನ್ನು ರಿಪೇರಿ ಮಾಡಿ, ನಾನು ಹುಟ್ಟಿದಾಗ ಜೋಗುಳ ಹಾಡಿ ಅದರ ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟಳು. ನಾನು ಕೂಸಾಗಿದ್ದಾಗಲೇ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಇಲ್ಲ. ನನಗೆ ಮಗುವಾದಾಗ ನಾನು ತೆರೆದು ಕೇಳಬೇಕೆಂದು ಹೇಳಿಹೋಗಿದ್ದಳಂತೆ.

ಮೊನ್ನೆ ಬೆಳಿಗ್ಗೆ ಅದಕ್ಕೆ ಕರೆಂಟು ಕೊಟ್ಟೆ. ಆಟಗಳಿದ್ದ, ಒಳಗೆ ಏನೂ ತಿರುಗದ ಚಿಕ್ಕ ಎಸ್‌ಎಸ್‌ಡಿ ಡ್ರೈವಿನಲ್ಲಿ ನಿಮ್ಮದೊಂದು ವಿಡಿಯೋ ಸಿಕ್ಕಿತು. ನೆಲದ ಮೇಲೆ ಕ್ಯಾಬಿನೆಟ್ ಬಿಚ್ಚಿಕೊಂಡು ಕೂತಿದ್ದೀರಿ, ಪಕ್ಕದಲ್ಲಿ ನಿಮ್ಮ ತಮ್ಮ ಶಶಾಂಕ, ಅವನ ಕೈಯಲ್ಲಿ ಆ ತಿರುಗುವ ಹಾರ್ಡ್ ಡಿಸ್ಕ್.

“ಇನ್ನೊಂದು ಎಸ್‌ಎಸ್‌ಡಿ ತಗೊಳ್ಳೋದ್ ಬಿಟ್ಟು ಈ ಗಿರಗಿಟ್ಲೆ ಯಾಕಕ್ಕ?”

“ಅದೇ ದುಡ್ಡಿಗೆ ಇದ್ರಲ್ಲಿ ಎಷ್ಟೊಂದ್ ಜಾಗ ಬರತ್ತೆ ಕಣೋ. ಆಟ ಅದ್ರಲ್ಲಿರ್ಲಿ, ಮಿಕ್ಕಿದ್ದೆಲ್ಲ ಇದ್ರಲ್ಲಿ.”

“ಮಿಕ್ಕಿದ್ದು ಅಂದ್ರೆ? ನಿನ್ ಸೆಲ್ಫಿನಾ?”

“ಬಾಯ್ ಮುಚ್ಕೊಂಡು ಸ್ಕ್ರೂ ಹಾಕು.”

ಅವನು ಒಂದೇ ಬದಿಗೆ ಎರಡು ಸ್ಕ್ರೂ ತಿರುಗಿಸಿ, “ಸಾಕ್ ಬಿಡು, ಇದೇನು ಎದ್ದು ಓಡಾಡತ್ತಾ?” ಎನ್ನುತ್ತಾನೆ. ನೀವು ನಗುತ್ತೀರಿ. ನಾನೂ ನಕ್ಕೆ.

ಅವ್ವನ ಹಾಡು ತೆರೆಯುವಷ್ಟರಲ್ಲಿ ಒಳಕೋಣೆಯಲ್ಲಿ ಮಗು ಅತ್ತಿತು. ಎತ್ತಿಕೊಂಡು ಬರುವಷ್ಟರಲ್ಲಿ ಅತ್ತೆ ದ್ಯಾಮವ್ವ ಓಡುತ್ತಿದ್ದ ಕಂಪ್ಯೂಟರನ್ನು ಹಾಗೆಯೇ ತೊಟ್ಟಿಲಿಗೆ ಹಾಕಿದ್ದರು. ನಮ್ಮ ಹರಳು ಸದ್ದು ಮಾಡುವುದಿಲ್ಲ. ಇದು ಗುಂಯ್ ಎನ್ನುತ್ತಿತ್ತು.

“ಪಾಪ, ಹೊಸ ಮನಿ ಅಂತ ಅಳಾಕ ಹತ್ತೈತಿ. ಒಂದೀಟು ತೂಗ್ತೀನಿ ತಡಿ,” ಎಂದು ಅತ್ತೆ ಜೋರಾಗಿ ತೂಗಿದರು. ಒಳಗೆ ಹಾರ್ಡ್ ಡಿಸ್ಕಿನ ಸ್ಕ್ರೂ ಇಲ್ಲದ ಬದಿ ಬಡಿದುಕೊಂಡಿತು. ಟಕ್ ಟಕ್ ಎಂದಿತು. ಬಾಣಲೆಯ ತಳ ಕೆರೆದಂಥ ಸದ್ದು. ಆಮೇಲೆ ಏನೂ ಇಲ್ಲ.

“ನೋಡವಾ,” ಎಂದರು ಅತ್ತೆ ಸಂತೋಷದಿಂದ, “ಸುಮ್ಮನಾತು.”

ಹೆಗಲ ಮೇಲೆ ಮಗು ಇದ್ದದ್ದೂ ನನಗೆ ಮರೆತುಹೋಯಿತು. ಬಿಚ್ಚಿ ನೋಡಿದರೆ, ಓದುವ ಮುಳ್ಳು ಕನ್ನಡಿಯಂಥ ತಟ್ಟೆಯನ್ನು ಉದ್ದಕ್ಕೂ ಗೀರಿತ್ತು. ಕೆಳಗೆ ಚಿಟಿಕೆಯಷ್ಟು ಬೂದುಪುಡಿ. ನನ್ನ ಅವ್ವನ ದನಿ ಎಂದರೆ ಈಗ ಅಷ್ಟೇ.

ಆ ತಿರುಗುವುದನ್ನು ಕೊಳ್ಳಲೇಬೇಡಿ ಎಂದು ಬರೆಯಲು ಕೂತೆ. ಆದರೆ ಚಿಕ್ಕ ಎಸ್‌ಎಸ್‌ಡಿಯನ್ನೇ ಕೊಂಡಿದ್ದರೆ ಅದು ನಿಮ್ಮ ಆಟಗಳಿಂದಲೇ ತುಂಬಿಹೋಗುತ್ತಿತ್ತು. ಅವ್ವನಿಗೆ ಹಾಡಿಡಲು ಜಾಗವೇ ಇರುತ್ತಿರಲಿಲ್ಲ. ಹಾಗಾಗಿ ಅದನ್ನೇ ಕೊಳ್ಳಿ. ಶಶಾಂಕ ಎಷ್ಟೇ ಗೊಣಗಲಿ, ನಾಲ್ಕೂ ಸ್ಕ್ರೂ ಬಿಗಿ ಮಾಡಿಸಿ. ಕ್ಯಾಬಿನೆಟ್ಟಿನ ಮೇಲೆ, ಅಳಿಸದ ಬಣ್ಣದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಯಿರಿ: ಒಳಗೊಂದು ತಿರುಗುತ್ತಿದೆ, ಅಲುಗಿಸಬೇಡಿ.

ಏನಾಯಿತೆಂದು ತಿಳಿದ ಮೇಲೆ ಅತ್ತೆ ತೊಟ್ಟಿಲ ಹತ್ತಿರ ಬಂದಿಲ್ಲ. ಮೊಮ್ಮಗಳು ಅತ್ತರೆ ಬಾಗಿಲಾಚೆ ನಿಂತು ಸೆರಗು ಹಿಂಡುತ್ತಾರೆ, ಎತ್ತಿಕೊಳ್ಳುವುದಿಲ್ಲ. ಅವರಿಗೆ ಓದು ಬರುತ್ತದೆ, ಅಜ್ಜಿ. ಅಷ್ಟು ಬರೆದಿದ್ದರೆ ಮುಟ್ಟುತ್ತಿರಲಿಲ್ಲ.

ನಿಮ್ಮ,
ನೇಸರ